ಕಹಿ ಕಷಾಯ, ಕಂದು ಪಂಪು

ನನ್ನ ತಂಗಿ ಹುಬ್ಬಳ್ಳಿಯಲ್ಲಿ ಉಬ್ಬಸದಿಂದ ತೀರಿಕೊಂಡಳು. ಕಾರ್ಯ ಮುಗಿಸಿಕೊಂಡು ಸಿಂಗಪುರಕ್ಕೆ ಮರಳಿದವಳು ಜುರಾಂಗ್ ವೆಸ್ಟಿನ ಮನೆಯಲ್ಲಿ ಎಂದಿನಂತೆ ಅನ್ನಕ್ಕಿಟ್ಟೆ. ಅಳು ಬರಲಿಲ್ಲ. ಉಬ್ಬಸ ನನಗೂ ಚಿಕ್ಕಂದಿನಿಂದ ಇತ್ತು. ತಿಂಗಳೊಳಗೆ ಅದು ಹೆಚ್ಚಾಯಿತು.

ನನ್ನ ಕೆಮ್ಮು ಕೇಳಲಾರದೆ ಪಕ್ಕದ ಮನೆಯ ಚೀನೀ ಆಂಟಿ ಬಾಗಿಲು ತಟ್ಟಿದರು.

"ಹೀಗಾದ್ರೆ ಹೇಗೆ ಲಾ? ನಮ್ಮ ವೈದ್ಯರ ಹತ್ರ ಬಾ."

ಗೋಡೆಯುದ್ದಕ್ಕೂ ಸಣ್ಣ ಮರದ ಖಾನೆಗಳಿದ್ದ ಅಂಗಡಿ. ಮುದುಕ ವೈದ್ಯರು ನನ್ನ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ಕುಳಿತರು. ನಾಲಿಗೆ ನೋಡಿದರು. ಆಮೇಲೆ ಚೀನೀ ಭಾಷೆಯಲ್ಲಿ ಏನೋ ಕೇಳಿದರು.

"ಮನೇಲಿ ಯಾರಾದ್ರೂ ಹೋದ್ರಾ ಅಂತಿದಾರೆ," ಎಂದರು ಆಂಟಿ. "ದುಃಖ ಶ್ವಾಸಕೋಶದಲ್ಲಿ ಕೂರುತ್ತಂತೆ."

"ತಂಗಿ," ಅಂದೆ, ಮನೆಯ ವಿಳಾಸ ಹೇಳಿದ ಹಾಗೆ. "ದಿನಕ್ಕೆ ಎಷ್ಟು ಸಲ ಕುಡೀಬೇಕು?"

ಜ್ಯೇಷ್ಠಮಧು, ಒಣಗಿದ ಕಿತ್ತಳೆ ಸಿಪ್ಪೆ, ಹೆಸರು ಗೊತ್ತಿಲ್ಲದ ತೊಗಟೆಗಳನ್ನು ಪೊಟ್ಟಣ ಕಟ್ಟಿಕೊಟ್ಟರು. ಆಸ್ಪತ್ರೆಯವರು ಕೊಟ್ಟ, ಬಾಯಿಗಿಟ್ಟು ಉಸಿರೆಳೆಯುವ ಪಂಪ್ ಮಾತ್ರ ಬಿಡಕೂಡದು ಎಂದು ಎರಡು ಸಲ ಹೇಳಿಸಿದರು.

ನಾನು ದಿನವೂ ಎಳೆಯಬೇಕಿದ್ದ ಕಂದು ಪಂಪನ್ನು ಬಿಟ್ಟೆ. ಕಷಾಯದ ಮೇಲಿನ ನಂಬಿಕೆಯಿಂದಲ್ಲ. ಡ್ರಾಯರ್ ತೆರೆಯಲು ಕೈ ಏಳುತ್ತಿರಲಿಲ್ಲ, ಅಷ್ಟೇ. ಜುರಾಂಗ್ ಐಲ್ಯಾಂಡಿನಿಂದ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದ ಗಂಡ ಸಂಜೆ ಕೇಳುತ್ತಿದ್ದರು, "ಔಷಧ ತಗೊಂಡ್ಯೇನು?"

"ಹ್ಞೂಂ ರೀ." ಕಷಾಯವನ್ನಂತೂ ಕುಡಿದಿರುತ್ತಿದ್ದೆ.

ಮೂರನೇ ವಾರ ತರಕಾರಿ ಚೀಲ ಹಿಡಿದು ಬರುವಾಗ ವಾಯ್ಡ್ ಡೆಕ್‌ನಲ್ಲಿ, ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲೇ, ಉಸಿರು ಕಟ್ಟಿತು. ಕಲ್ಲಿನ ಮೇಜು ಹಿಡಿದು ನಿಂತೆ. ತಂಗಿಗೂ ಹೀಗೇ ಆಗಿರಬೇಕು ಎನ್ನಿಸಿತು. ಭಯವಾಗಲಿಲ್ಲ. ಲಿಫ್ಟಿನಿಂದ ಹೊರಬಂದ ಆಂಟಿ ನನ್ನ ಹೆಗಲ ಚೀಲವನ್ನೆಲ್ಲ ನೆಲಕ್ಕೆ ಸುರಿದು, ತುರ್ತಿಗೆಂದು ಇಟ್ಟಿದ್ದ ನೀಲಿ ಪಂಪ್ ಹುಡುಕಿ ಬಾಯಿಗಿಟ್ಟರು. ಆಮೇಲೆ ಟ್ಯಾಕ್ಸಿಯಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಬೈದರು, ಬೈಯುತ್ತಲೇ ಅತ್ತರು. ನಾನು ಟಿಶ್ಯೂ ಕೊಟ್ಟೆ.

ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ನಾನು ಕಂದು ಪಂಪ್ ಬಿಟ್ಟದ್ದನ್ನು ಹೇಳಿದಾಗ ಆಂಟಿ ಪಕ್ಕದಲ್ಲೇ ಇದ್ದರು. ಸಂಜೆ ಅವರೇ ನನ್ನ ಗಂಡನಿಗೆ ಎಲ್ಲ ಹೇಳಿದರು.

"ಯಾಕ ಬಿಟ್ಟಿ?"

"ಗೊತ್ತಿಲ್ರೀ."

ಅವರು ಬೂಟು ಬಿಚ್ಚದೆ ನನ್ನ ಪಕ್ಕ ಕುಳಿತೇ ಇದ್ದರು. ಮರುದಿನದಿಂದ, ನಾನು ಪಂಪ್ ಎಳೆದುಕೊಳ್ಳುವುದನ್ನು ನೋಡಿಯೇ ಬಸ್ಸಿಗೆ ಹೊರಡತೊಡಗಿದರು. ನಾನು ಎಳೆದುಕೊಂಡೆ, ಕಷಾಯವನ್ನೂ ಕುಡಿದೆ.

ಎರಡು ತಿಂಗಳಾದ ಮೇಲೆ ವೈದ್ಯರು ನಾಡಿ ಹಿಡಿದು ಪರವಾಗಿಲ್ಲ ಎಂದರು. ಕ್ಲಿನಿಕ್ಕಿನ ಡಾಕ್ಟರೂ ಹಾಗೇ ಅಂದರು. ಯಾವುದರಿಂದ ಎಂದು ನಾನು ಇಬ್ಬರನ್ನೂ ಕೇಳಲಿಲ್ಲ.