ಅವ್ವ ಬುತ್ತಿ ಒಯ್ಯದ ಸಾವು

ನಮ್ಮ ಎದುರುಮನೆಯ ಮಾಮಾ ಸಿನಿಮಾದಲ್ಲಿ ಸತ್ತಾಗಲೆಲ್ಲ ನಮ್ಮವ್ವ ಅವರ ಮನೆಗೆ ಬುತ್ತಿ ಒಯ್ಯುತ್ತಿದ್ದಳು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ನಾನೂ ಆಗ ನಕ್ಕಿದ್ದೆ, ನಕ್ಕು ಅವ್ವನಿಂದ ಚೆನ್ನಾಗಿ ಬೈಸಿಕೊಂಡಿದ್ದೆ.

ಶಹಾಪುರದಲ್ಲಿ ನಮ್ಮದು ಬಟ್ಟೆ ಅಂಗಡಿಯವರ ಮನೆ. ಎದುರಿನವರು ಅರಬರು. ಮಾಮಾನ ಅಜ್ಜ ಹಡಗು ಹತ್ತಿ ಬಂದು ನಿಜಾಮನ ಸರ್ಕಾರದಲ್ಲಿ ಕಾವಲಿನ ನೌಕರಿ ಹಿಡಿದವರಂತೆ. ಮಾಮಾ ಹುಟ್ಟಿದ್ದು ಶಹಾಪುರದಲ್ಲಿ, ಬೆಳೆದದ್ದು ಜೋಳದ ರೊಟ್ಟಿಯ ಮೇಲೆ. ನಮಾಜಿನ ಆಚೆಗೆ ಅರಬಿಯ ಒಂದು ಮಾತೂ ಅವರಿಗೆ ಬರುತ್ತಿರಲಿಲ್ಲ. ನಿಜಾಮನ ರಾಜ್ಯ ಹೋಗಿ ನಾವೆಲ್ಲ ಹಿಂದುಸ್ತಾನಕ್ಕೆ ಸೇರಿದ ಮೇಲೆ ಆ ನೌಕರಿ ಹೋಯಿತು. ಅವರ ಬಳಗದ ಕೆಲವರನ್ನು ಹಡಗಿನಲ್ಲಿ ಅಜ್ಜಂದಿರ ದೇಶಕ್ಕೆ ಕಳಿಸಿದರು. ಮಾಮಾ ಹೋಗಲಿಲ್ಲ.

"ಅಲ್ಲಿ ನಂಗ ಯಾರ ಗುರ್ತದ? ಇಲ್ಲಿ ಜಗಳಾಡಾಕ ನಿಮ್ಮವ್ವರೆ ಅದಾಳ" ಎನ್ನುತ್ತಿದ್ದರು.

ಅವ್ವನಿಗೆ ಅವರು ಅಣ್ಣ. ಹಾಗಾಗಿ ನಮಗೆ ಮಾಮಾ, ಅವರ ಹೆಂಡತಿ ನಮಗೆ ಅತ್ತಿ. ಈ ಅಣ್ಣತಂಗಿತನ ಬರೀ ಬಾಯಿಮಾತಿನದಲ್ಲ. ವಿಲೀನದ ಮುಂಚಿನ ಗಲಾಟೆಯ ದಿನಗಳಲ್ಲಿ ಅಪ್ಪ ಊರಿನಲ್ಲಿರಲಿಲ್ಲ. ಅವ್ವನನ್ನೂ ನನ್ನನ್ನೂ ಮಾಮಾ ತಮ್ಮ ಒಳಮನೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಒಂದು ಮಧ್ಯಾಹ್ನ ಬಾಗಿಲ ಹೊರಗೆ ಗುಂಪು ಬಂದು ಬಾಗಿಲು ತೆಗೆಯಿರಿ ಎಂದು ಕೂಗಾಡಿತು. ಮಾಮಾ ಹೊಸ್ತಿಲ ಮೇಲೆ ತಲವಾರು ಹಿಡಿದು ಕೂತರು, ಏಳಲಿಲ್ಲ. ಗುಂಪು ಹೋಯಿತು. ಆಮೇಲೆ ಎರಡೂ ಮನೆಯವರು ಆ ಮಾತು ಎತ್ತಿದ್ದೇ ಇಲ್ಲ.

ನೌಕರಿ ಹೋದ ಮೇಲೆ ಯಾದಗಿರಿಯ ಉಣ್ಣೆ ವ್ಯಾಪಾರಿಯೊಬ್ಬರ ಮಾಲಿಗೆ ಕಾವಲಾಗಿ ಮಾಮಾ ಮದರಾಸಿನ ರೈಲು ಹತ್ತಿದರು. ಅಲ್ಲಿ ಒಂದು ಸ್ಟುಡಿಯೊದ ಮುಂದೆ ಚಹಾ ಕುಡಿಯುತ್ತ ನಿಂತಿದ್ದಾಗ ಅವರ ಆರಡಿ ಎತ್ತರ, ಗಡ್ಡ ನೋಡಿ ಯಾರೋ ಒಳಗೆ ಕರೆದರಂತೆ. ಅಂದಿನಿಂದ ವರ್ಷಕ್ಕೆ ಎರಡು ಮೂರು ಸಲ ಮದರಾಸಿಗೆ ಹೋಗಿ ಬರತೊಡಗಿದರು. ರಾಜನ ಹಿಂದೆ ಭರ್ಜಿ ಹಿಡಿದು ನಿಲ್ಲುವವ, ರಾಕ್ಷಸರ ದಂಡಿನಲ್ಲಿ ಒಬ್ಬ, ಸೆರೆಮನೆಯ ಕಾವಲುಗಾರ. ಒಂದು ಚಿತ್ರದಲ್ಲಿ ಅರಬ ವ್ಯಾಪಾರಿಯ ಪಾತ್ರವಿತ್ತು. ಇದು ನನ್ನದೇ ಅಂತ ಮಾಮಾ ಮುಂದೆ ಹೋದರೆ, ನೀನು ಅರಬನ ಹಾಗೆ ಕಾಣುವುದಿಲ್ಲ ಎಂದು ಹಿಂದೆ ಕಳಿಸಿ, ಆ ಪಾತ್ರವನ್ನು ಮದರಾಸಿನ ಒಬ್ಬ ವಕೀಲರಿಗೆ ಕೊಟ್ಟರಂತೆ. ಇದನ್ನು ಹೇಳುವಾಗ ಮಾಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪಾತ್ರದ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಎಷ್ಟು ಸಲ ಬೇಕಾದರೂ ಸಾಯಲು ತಯಾರು, ಹೆಣ್ಣುಮಕ್ಕಳ ಮೈಮೇಲೆ ಕೈಹಾಕುವ ಪಾತ್ರ ಬೇಡ. ಆಸೆಯೂ ಒಂದೇ ಒಂದು: ಮಾತಿರುವ ಪಾತ್ರ ಸಿಗಬೇಕು. ಏಳೆಂಟು ಚಿತ್ರ ಮಾಡಿದರೂ ಅವರಿಗೆ ಒಂದು ಸಾಲು ಮಾತು ಸಿಕ್ಕಿರಲಿಲ್ಲ. ಅವರ ದನಿಯೋ, ಓಣಿಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಲ್ಲಿ ಎಮ್ಮೆ ಎದ್ದು ನಿಲ್ಲುತ್ತಿತ್ತು. "ಇಷ್ಟು ದೊಡ್ಡ ಗಂಟಲಾ ಕೊಟ್ಟು ದೇವರು ನನ್ನ ಮೂಗ ಮಾಡ್ಯಾನ ನೋಡು" ಎಂದು ಒಮ್ಮೊಮ್ಮೆ ನೊಂದುಕೊಳ್ಳುತ್ತಿದ್ದರು.

ಅವ್ವ ಮೊದಲ ಬಾರಿ ಸಿನಿಮಾ ನೋಡಿದ್ದು ಯಾದಗಿರಿಯ ಟೆಂಟಿನಲ್ಲಿ, ಮಾಮಾನ ಸಲುವಾಗಿ. ಕೋಟೆಯ ಮೇಲಿಂದ ಬಾಣ ಬಂದು ಮಾಮಾನ ಎದೆಗೆ ನಾಟಿತು, ಅವರು ಉರುಳಿಬಿದ್ದರು. ಬಸ್ಸಿನಲ್ಲಿ ಭೀಮೆ ದಾಟಿ ಶಹಾಪುರ ಮುಟ್ಟಿದೆವು. ಮನೆಗೆ ಬಂದವಳೇ ಅವ್ವ ಕೈಕಾಲು ತೊಳೆದು ರೊಟ್ಟಿ ಬಡಿಯಲು ಕೂತಳು, ಕಡಲೆಹಿಟ್ಟಿನ ಝುಣಕ ಮಾಡಿದಳು, ಬಟ್ಟೆಯಲ್ಲಿ ಕಟ್ಟಿದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರು ಬುತ್ತಿ ಒಯ್ಯಬೇಕು. ಇದು ನಮ್ಮಲ್ಲಿಯ ಪದ್ಧತಿ.

"ಅವ್ವಾ, ಅದು ಸಿನಿಮಾ! ಮಾಮಾ ಮನ್ಯಾಗ ಕುಂತಾರ!" ಎಂದು ನಾನು ಬಿದ್ದುಬಿದ್ದು ನಕ್ಕೆ.

"ಸಿನಿಮಾ ಅಂತ ನಂಗೂ ಗೊತ್ತದ. ನಾ ಏನ್ ಹುಚ್ಚಿ ಏನು? ಸತ್ತದ್ದು ಕಣ್ಣಾರೆ ನೋಡಿ ಸುಮ್ಮ ಕುಂದ್ರಾಕ ಹ್ಯಾಂಗ ಬರ್ತದ? ದೊಡ್ಡ ಅಕ್ಕೋರು ಬಂದ್ಲು, ಶಾಣ್ಯಾತನ ಕಲ್ಸಾಕ!"

ನಾನು ಆಗಷ್ಟೇ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಸೇರಿದ್ದೆ. ನನ್ನ ಶಾಣ್ಯಾತನಕ್ಕೆ ಮನೆಯಲ್ಲಿ ಇಷ್ಟೇ ಬೆಲೆ.

ಬಾಗಿಲು ತೆರೆದ ಮಾಮಾ ಬುತ್ತಿಯ ಗಂಟು ನೋಡಿದರು, ಅವ್ವನ ಮುಖ ನೋಡಿದರು. ಅತ್ತಿ ಒಳಗಿನಿಂದ "ಛೀ, ಅಪಶಕುನ!" ಎಂದು ಕೂಗಿದರು. ಮಾಮಾ ಕೈ ತೊಳೆದು ಬಂದು ಕೂತು ಗಂಟು ಬಿಚ್ಚಿದರು. "ತನ್ನ ಸಾವಿನ ಬುತ್ತಿ ತಾನೇ ಉಣ್ಣೂದು ಯಾರ ನಸೀಬಿನಾಗದ, ತಂಗಿ?" ಎಂದು ಐದು ರೊಟ್ಟಿಯನ್ನೂ ಮುಗಿಸಿದರು. ಆಮೇಲೆ ಇದು ರೂಢಿಯೇ ಆಯಿತು. ಅತ್ತಿಯೂ ಒಗ್ಗಿಕೊಂಡು, ಚಿತ್ರ ಯಾದಗಿರಿಗೆ ಬಂತೆಂದರೆ ಅಂದು ಒಲೆ ಹೊತ್ತಿಸುತ್ತಿರಲಿಲ್ಲ. ಝುಣಕಕ್ಕೆ ಖಾರ ಕಡಿಮೆ ಎಂದು ಕೊಂಕು ಬೇರೆ.

ಒಂದು ಬೇಸಿಗೆಯಲ್ಲಿ ಮಾಮಾ ಮದರಾಸಿನಿಂದ ಓಡುತ್ತಲೇ ಬಂದರು ಎನ್ನಬೇಕು. ಕೈಯಲ್ಲಿ ನಾಲ್ಕು ಹಾಳೆ. ಮಾತಿರುವ ಪಾತ್ರ ಸಿಕ್ಕಿತ್ತು! ಅವರಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ, ಹಾಳೆಗಳು ಕನ್ನಡದಲ್ಲಿದ್ದವು. "ಅಕ್ಕೋರ, ನೀ ಓದು, ನಾ ಬಾಯಿಪಾಠ ಮಾಡ್ತೀನಿ" ಎಂದು ನಮ್ಮ ಪಡಸಾಲೆಯಲ್ಲಿ ಕೂತರು. ಒಪ್ಪಿಗೆಯನ್ನು ಎಂಟು ದಿನದಲ್ಲಿ ತಿಳಿಸಬೇಕಿತ್ತು.

ಚಿತ್ರದ ಕತೆ ವಿಲೀನದ ಮುಂಚಿನ ಅದೇ ಗಲಾಟೆಯ ಕಾಲದ್ದು. ಮಾಮಾನದು ಊರು ಸುಡುವ ಗುಂಪಿನ ನಾಯಕನ ಪಾತ್ರ. ಕೊನೆಗೆ ಊರವರೇ ಅವನನ್ನು ಕೊಲ್ಲುತ್ತಾರೆ. ಓದುತ್ತ ನನಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಅವರ ಖುಷಿಯ ಮುಂದೆ ಅದನ್ನು ನುಂಗಿಕೊಂಡೆ. ಪಾತ್ರ ಬೇರೆ, ಮನುಷ್ಯ ಬೇರೆ ಎಂಬ ದೊಡ್ಡ ಮಾತು ನಾನೇ ಆಡಿದೆ. ಮೂರು ದಿನದಲ್ಲಿ ಅವರಿಗೆ ಪೂರಾ ಬಾಯಿಗೆ ಬಂತು. ಮೂರನೆಯ ದಿನ ಎದ್ದು ನಿಂತು, ನಿಜವಾದ ದನಿ ತೆಗೆದು ಹೇಳಿದರು. ಬಾಗಿಲು ತೆಗೆಯಿರಿ, ಇಲ್ಲವಾದರೆ ಮನೆಗೆ ಬೆಂಕಿ ಇಡುತ್ತೇವೆ ಎಂಬ ಮಾತು ಅದು. ಕೇಳಿ ನನ್ನ ಮೈಮೇಲಿನ ಕೂದಲು ನಿಂತವು. ಅಷ್ಟು ಚಂದ ಹೇಳಿದ್ದರು!

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸಪ್ಪಳವಾಯಿತು. ಹೋಗಿ ನೋಡಿದರೆ ಅವ್ವ ಜೋಳದ ಚೀಲಗಳ ಹಿಂದೆ ಮುದುಡಿ ಕೂತಿದ್ದಳು, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು. ಮಾಮಾನ ಒಳಮನೆಯಲ್ಲಿ ಆ ಮಧ್ಯಾಹ್ನವೂ ಅವಳು ಹಾಗೆಯೇ ಕೂತಿದ್ದಳು. ನನ್ನ ಹಿಂದೆ ಬಂದ ಮಾಮಾ ಅದನ್ನು ನೋಡಿದರು.

ನನಗೆ ಸಿಟ್ಟು ಬಂತು. ನಾಚಿಕೆಯ ಮಾತೇ, ಆದರೂ ಹೇಳುತ್ತೇನೆ, ಬಂದದ್ದು ಅವ್ವನ ಮೇಲೆ. "ಅವ್ರ ಜನ್ಮದ ಆಸೆ ಇದು. ನೀ ಹಿಂಗ ಮಾಡಿದ್ರ ಅವ್ರೇನ್ ಮಾಡಬೇಕು?" ಎಂದು ರೇಗಿದೆ.

ಅವ್ವ ನಿಧಾನವಾಗಿ ಎದ್ದಳು. "ಮಾಡು ಅಣ್ಣಾ. ಖರೇನೇ ಹೇಳ್ತೀನಿ, ಮಾಡು. ನನ್ನ ಕಡಿ ನೋಡಬ್ಯಾಡ" ಎಂದಳು.

ಮಾಮಾ ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಕೇಳಿದರು: "ಅವ ಕಡೀಕ ಸಾಯ್ತಾನ, ತಂಗಿ. ಅವ ಸತ್ರ ಬುತ್ತಿ ತರ್ತಿಯೇನು?"

ಹೂಂ ಎಂದುಬಿಡು ಎಂದು ನಾನು ಕಣ್ಣಿನಲ್ಲೇ ಅವ್ವನನ್ನು ಬೇಡಿಕೊಂಡೆ. ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಇಲ್ಲಣ್ಣಾ. ಅವಂಗ ತರಾಕ ಆಗಂಗಿಲ್ಲ ನನ್ನ ಕೈಲಿ" ಎಂದು ಅತ್ತಳು.

ಮರುದಿನ ಮಾಮಾ ಯಾದಗಿರಿಗೆ ಹೋಗಿ ಮದರಾಸಿಗೆ ತಂತಿ ಕೊಟ್ಟು ಬಂದರು. ಪಾತ್ರ ಬೇರೆಯವರಿಗೆ ಹೋಯಿತು. ಆಮೇಲೆ ಮಾಮಾನನ್ನು ಕರೆಯುವುದೇ ಕಡಿಮೆಯಾಯಿತು. ಇನ್ನೊಂದೆರಡು ಚಿತ್ರಗಳಲ್ಲಿ ಭರ್ಜಿ ಹಿಡಿದು ನಿಂತರು, ಅಷ್ಟೇ. ಕೊನೆಗೆ ಸುರಪುರದ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟರು. ನಮ್ಮ ಮನೆಗೆ ಬರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವ್ವನ ಜೊತೆ ಜಗಳವನ್ನೂ ಬಿಡಲಿಲ್ಲ.

ಎಷ್ಟೋ ವರ್ಷಗಳ ನಂತರ, ಅವರ ಗಡ್ಡ ಪೂರ್ತಿ ಬೆಳ್ಳಗಾದ ಮೇಲೆ, ಒಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ನಾವಿಬ್ಬರೇ ಕೂತಿದ್ದೆವು. ಅವ್ವ ಒಳಗೆ ಮಲಗಿದ್ದಳು. ಆ ಪಾತ್ರ ಬಿಟ್ಟದ್ದಕ್ಕೆ ಎಂದಾದರೂ ಬೇಜಾರಾಯಿತೇ ಎಂದು ಕೇಳಿದೆ. ಇಲ್ಲ ಎನ್ನುತ್ತಾರೆ, ನಾನು ಹಗುರಾಗುತ್ತೇನೆ ಅಂದುಕೊಂಡಿದ್ದೆ.

"ದಿನಾ ಆಗ್ತದ, ಅಕ್ಕೋರ" ಎಂದರು. "ದಿನಾ ಹೊಟ್ಟಿ ಉರೀತದ."

ಆಮೇಲೆ ಅವ್ವ ಮಲಗಿದ ಕೋಣೆಯತ್ತ ಒಮ್ಮೆ ನೋಡಿ, ನನ್ನ ಹತ್ತಿರ ಸರಿದು, ಆ ನಾಲ್ಕು ಹಾಳೆಯ ಮಾತುಗಳನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಒಂದು ಅಕ್ಷರ ಮರೆತಿರಲಿಲ್ಲ. ಕಣ್ಣು, ಹುಬ್ಬು, ಕೈ ಎಲ್ಲ ಆ ಪಾತ್ರವೇ ಆಗಿದ್ದವು. ದನಿ ಮಾತ್ರ ನನ್ನ ಕಿವಿ ದಾಟದಷ್ಟು ಮೆಲ್ಲಗಿತ್ತು. ಅವರ ಜೀವಮಾನದಲ್ಲಿ ಅವರ ಮಾತಿನ ಪಾತ್ರವನ್ನು ಪೂರಾ ಕಂಡವಳು ನಾನೊಬ್ಬಳೇ. ಮುಗಿದಾಗ ನನ್ನ ಕೈ ಚಪ್ಪಾಳೆಗೆಂದು ಮೇಲೆದ್ದಿತು. ಅವರು ತುಟಿಯ ಮೇಲೆ ಬೆರಳಿಟ್ಟು, "ತಂಗಿ ಎದ್ದಾಳು" ಎಂದರು.