ಬಾಗಿಲು ಹಾಕಿ ಉಣ್ಣುತ್ತಿದ್ದ ಟೀಚರ್

ಬೂತಾಯಿ ಮೀನಿನ ಸಾರು ಉಂಡ ಕೈಯ ವಾಸನೆ ಒಂದು ಸಲ ಸೋಪು ಹಾಕಿದರೆ ಹೋಗುವುದಿಲ್ಲ. ಇವತ್ತು ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದು, ಬಟ್ಟೆ ಮಡಚಲು ಕುಳಿತ ಮೇಲೂ ಬೆರಳಲ್ಲಿ ಅದು ಇತ್ತು. ಎದ್ದು ಹೋಗಿ ಹುಣಸೆಹುಳಿ ತಿಕ್ಕಿ ತೊಳೆದೆ. ಆದರೂ ಮೂಸಿ ನೋಡಿದರೆ ಸ್ವಲ್ಪ ಉಳಿದಿತ್ತು. ಆಗ ಪಕ್ಕದ ಮನೆಯ ಟೀಚರ್ ನೆನಪಾದರು…

ಉರ್ವದಲ್ಲಿ ನಮ್ಮ ಮತ್ತು ಅವರ ಮನೆಗಳ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ ಮಾತ್ರ. ಟೀಚರಿಗೆ ಮದುವೆ ಆಗಿರಲಿಲ್ಲ, ಒಬ್ಬರೇ ಇದ್ದರು. ತುಳು ಚೆನ್ನಾಗಿ ಬರುತ್ತಿದ್ದರೂ ನಮ್ಮೆಲ್ಲರ ಜೊತೆ ಕನ್ನಡದಲ್ಲೇ ಮಾತು, ಶಾಲೆಯ ಅಭ್ಯಾಸ. ಸಣ್ಣ ಮಕ್ಕಳ ಕ್ಲಾಸು ಅವರದ್ದು. ಮಧ್ಯಾಹ್ನ ಮಕ್ಕಳು ಬುತ್ತಿ ಬಿಚ್ಚಿದಾಗ ಉಳಿದ ಟೀಚರುಗಳು ಸ್ಟಾಫ್ ರೂಮಿಗೆ ಹೋದರೆ ಇವರು ಬೆಂಚುಗಳ ನಡುವೆ ನಡೆಯುತ್ತಿದ್ದರು. ಸಾರು ಬೆರಳಿನ ಗೆಣ್ಣು ದಾಟಿ ಅಂಗೈಗೆ ಬರಬಾರದು. ಉಂಡ ಕೈಯನ್ನು ಒಣಗಿಸಿಕೊಂಡು ಹರಟೆ ಹೊಡೆಯಬಾರದು. ಗಂಜಿಗೆ ಚಮಚ, ಮೀನಿಗೆ ಕೈ. ಯಾಕೆಂದರೆ ಮುಳ್ಳು ಕಾಣುವುದು ಬೆರಳಿಗೆ, ಕಣ್ಣಿಗಲ್ಲ. ಎಡಗೈ ಮಡಿಲಲ್ಲಿರಬೇಕು, ಬಡಿಸಿಕೊಳ್ಳುವುದಿದ್ದರೆ ಮಾತ್ರ ಮೇಲೆ ಬರಬೇಕು.

ನನ್ನ ಮಗಳು ಎಡಗೈಯವಳು. ಅವರ ಕ್ಲಾಸಿಗೆ ಸೇರಿದಾಗ ಅವಳ ಎಡಗೈಗೆ ಕರ್ಚೀಫು ಸುತ್ತಿ ಊಟಕ್ಕೆ ಕೂರಿಸುತ್ತಿದ್ದರು. ಅವಳು ಮನೆಗೆ ಬಂದು ಅಳುತ್ತಿದ್ದಳು. ನಾನು ಗೋಡೆಯ ಬಳಿ ನಿಂತು ಸ್ವಲ್ಪ ಸಂಕೋಚದಲ್ಲೇ ಕೇಳಿದಾಗ, ಬರೆಯುವುದು ಯಾವ ಕೈಯಲ್ಲಾದರೂ ಬರೆಯಲಿ, ಆದರೆ ನಾಳೆ ಹತ್ತು ಜನರ ಪಂಕ್ತಿಯಲ್ಲಿ ಕುಳಿತಾಗ ಯಾರೂ ಅವಳ ಎಲೆಯನ್ನು ನೋಡಿ ಮುಖ ತಿರುಗಿಸಬಾರದು ಎಂದರು. ನನಗೂ ಸರಿ ಅನ್ನಿಸಿತು. ಮಗಳು ಬಲಗೈಯಲ್ಲಿ ಉಣ್ಣಲು ಕಲಿತಳು. ಆದರೆ ಆ ಕರ್ಚೀಫನ್ನು ಮರೆಯಲಿಲ್ಲ.

ರಿಟೈರ್ ಆದ ಮೇಲೆ ಟೀಚರಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕೋಲು ಹಿಡಿದು ನಡೆಯಲೂ ಆಗುತ್ತಿತ್ತು. ಬಲಗೈ ಮಾತ್ರ ಹೋಯಿತು. ಕೆಲಸಕ್ಕೆ ಬರುವ ಹೆಂಗಸು ಬೆಳಿಗ್ಗೆ ಬಂದು ಹೋಗುತ್ತಿದ್ದಳು. ಮಧ್ಯಾಹ್ನದ ಊಟ ನಮ್ಮ ಮನೆಯಿಂದ ಎಂದು ನಾನೇ ಹೇಳಿದೆ. ತಿನ್ನಿಸುತ್ತೇನೆ ಎಂದೆ. ನಾನೇನು ತೊಟ್ಟಿಲಲ್ಲಿ ಇದ್ದೇನೆಯೇ ಎಂದು ನಕ್ಕುಬಿಟ್ಟರು. ಗಂಜಿ, ಚಟ್ನಿ ಸಾಕು, ಮೀನು ಬಿಟ್ಟಿದ್ದೇನೆ, ಈಗ ಅದರ ವಾಸನೆಯೇ ಆಗುವುದಿಲ್ಲ ಎಂದರು. ನಾನು ನಂಬಿದೆ. ದಿನಾ ಸ್ಟೀಲ್ ಡಬ್ಬಿಯಲ್ಲಿ ಗಂಜಿ ಕೊಟ್ಟು ಬರುತ್ತಿದ್ದೆ. ನಾನು ಹೊರಟ ಮೇಲೆ ಅವರ ಬಾಗಿಲಿನ ಚಿಲಕ ಬೀಳುವ ಸದ್ದು ಕೇಳುತ್ತಿತ್ತು. ಒಬ್ಬರೇ ಇರುವವರು, ಭಯ ಇರಬಹುದು ಎಂದುಕೊಂಡಿದ್ದೆ.

ಒಂದು ದಿನ ಕೊಟ್ಟು ಬಂದ ಮೇಲೆ ಉಪ್ಪಿನಕಾಯಿ ಮರೆತದ್ದು ನೆನಪಾಗಿ ಹಿಂದಿನ ಬಾಗಿಲಿನಿಂದ ಸೀದಾ ಒಳಗೆ ಹೋದೆ. ಟೀಚರ್ ಅಡುಗೆಮನೆಯ ನೆಲದಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ನನ್ನ ಗಂಜಿಯ ಪಕ್ಕ ತಟ್ಟೆಯಲ್ಲಿ ಹುರಿದ ಬೂತಾಯಿ. ಬೆಳಿಗ್ಗೆ ಆ ಹೆಂಗಸು ಮಾಡಿಟ್ಟದ್ದು. ಎಡಗೈಯ ಬೆರಳುಗಳಿಂದ ಮುಳ್ಳು ಬಿಡಿಸುತ್ತಿದ್ದರು. ಅಭ್ಯಾಸವಿಲ್ಲದ ಕೈ, ಮೀನು ಪುಡಿಪುಡಿಯಾಗಿ ಸೀರೆಯ ಮೇಲೆ, ಗಲ್ಲದ ಮೇಲೆ ಎಲ್ಲ ಅಂಟಿತ್ತು. ನನ್ನನ್ನು ಕಂಡದ್ದೇ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಅಯ್ಯೋ, ತಿನ್ನಿ ಟೀಚರ್. ನನ್ನ ಎದುರು ಎಂತ ನಾಚಿಕೆ?" ಎಂದೆ.

ಅವರು ಗೋಡೆಯನ್ನೇ ನೋಡುತ್ತಾ, "ಬಾಗಿಲು ಬಡಿಯಬಹುದಿತ್ತಲ್ಲ ಮಗಾ" ಎಂದರು. ಅಷ್ಟೇ.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಮನೆಯವರಿಗೆ ಹೇಳಿದೆ. ಬರೇ ಹೇಳಲಿಲ್ಲ… ಅವರು ಗೋಡೆಗೆ ತಿರುಗಿ ಕುಳಿತದ್ದನ್ನು, ಕೈ ಅಡಗಿಸಿದ್ದನ್ನು ಮಾಡಿಯೂ ತೋರಿಸಿದೆ. ಗಂಡ ನಕ್ಕರು. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಎಲ್ಲರಿಗಿಂತ ಹೆಚ್ಚು ನಕ್ಕಳು, ಟೀಚರಿಗೆ ಕರ್ಚೀಫು ಕಟ್ಟುವವರು ಯಾರೂ ಇಲ್ಲವಾ ಎಂದಳು. ಪಾಪ ಹಾಗೆಲ್ಲ ಹೇಳಬಾರದು ಎನ್ನುತ್ತಾ ನಾನೂ ನಕ್ಕಿದ್ದೆ.

ಎರಡು ಮೂರು ದಿನ ಕಳೆದಿರಬೇಕು. ಸಂಜೆ ಟೀಚರ್ ಗೋಡೆಯ ಆಚೆ ಬಿಸಿಲಿಗೆ ಕುಳಿತಿದ್ದರು. ಶಾಲೆಯಿಂದ ಬಂದ ಮಗಳು ಗೇಟಿನಲ್ಲಿ ನಿಂತು ಕೇಳಿಯೇಬಿಟ್ಟಳು.

"ಟೀಚರ್, ಈಗ ನೀವೂ ಎಡಗೈಯಾ? ಅಮ್ಮ ಹೇಳಿದ್ರು."

ನಾನು ಒಳಗೆ ಕಿಟಕಿಯ ಹತ್ತಿರವಿದ್ದೆ. ಟೀಚರ್ ಸಿಟ್ಟಾಗಲಿಲ್ಲ. "ಹೌದು ಮಗಾ. ನಿನ್ನಷ್ಟು ಬೇಗ ಕಲಿಯಲಿಕ್ಕೆ ಆಗುವುದಿಲ್ಲ ನನಗೆ" ಎಂದರು. ಆಮೇಲೆ ಕಿಟಕಿಯ ಕಡೆ ನೋಡಿದರು. ನಾನು ಪರದೆಯ ಹಿಂದೆ ಸರಿದುಬಿಟ್ಟೆ.

ಮರುದಿನ ಡಬ್ಬಿ ತೆಗೆದುಕೊಂಡು ಹೋದರೆ ಹೊಟ್ಟೆ ಸರಿಯಿಲ್ಲ ಎಂದರು. ಅದರ ಮರುದಿನ ಕೆಲಸದವಳೇ ಮಾಡಿಟ್ಟಿದ್ದಾಳೆ ಎಂದರು. ಮೂರನೆಯ ಸಲ ನಾನೇ ಹೋಗಲಿಲ್ಲ. ಕ್ಷಮಿಸಿ ಎಂದು ಹೇಳಲು ಗೋಡೆಯ ತನಕ ಹೋಗಿ, ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡಿ ವಾಪಸು ಬರುತ್ತಿದ್ದೆ. ಟೀಚರ್ ದಿನದಿಂದ ದಿನಕ್ಕೆ ಸೊರಗಿದರು. ಕೆಲಸದವಳು ಸರಿಯಾಗಿ ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮಳೆಗಾಲಕ್ಕೆ ಮೊದಲು ಅವರ ತಮ್ಮನ ಮಗ ಬಂದು ಬಿಕರ್ನಕಟ್ಟೆಯ ತನ್ನ ಮನೆಗೆ ಕರೆದುಕೊಂಡು ಹೋದ.

ಕೆಲವು ತಿಂಗಳ ಮೇಲೆ ನೋಡಲು ಹೋದೆ. ಹೊರಡುವ ಮೊದಲು ಬೂತಾಯಿ ಸಾರು ಮಾಡಿ, ಒಂದೊಂದೇ ಮುಳ್ಳು ಬಿಡಿಸಿ, ಸಣ್ಣ ಡಬ್ಬಿಗೆ ಹಾಕಿಕೊಂಡಿದ್ದೆ. ಅಲ್ಲಿ ಹಾಲ್‌ನಲ್ಲಿ ಟೀವಿಯ ಎದುರು ಅವರನ್ನು ಕೂರಿಸಿ, ಕುತ್ತಿಗೆಗೆ ಟವೆಲು ಸುತ್ತಿ, ಮನೆಯ ಸೊಸೆ ಮಿಕ್ಸಿಗೆ ಹಾಕಿದ ಗಂಜಿಯನ್ನು ಚಮಚದಲ್ಲಿ ಬಾಯಿಗೆ ಕೊಡುತ್ತಿದ್ದಳು. ಒಳ್ಳೆಯ ಹೆಂಗಸು, ಬಾಯಿ ಒರೆಸಿ ಒರೆಸಿ ತಿನ್ನಿಸುತ್ತಿದ್ದಳು. ಬಂದ ನೆಂಟರು ಅಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದರು. ಟೀಚರ್ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದರು.

ಸೊಸೆಗೆ ಹೇಳಿ ಅವರನ್ನು ಕೋಣೆಗೆ ಕರೆದುಕೊಂಡು ಹೋದೆ. ತಟ್ಟೆಯಲ್ಲಿ ಅನ್ನ, ಮೀನು ಹಾಕಿ ಎಡಗಡೆಗೆ ಇಟ್ಟೆ.

"ಬಾಗಿಲು ಹಾಕಿದ್ದೇನೆ ಟೀಚರ್. ಯಾರೂ ಇಲ್ಲ. ಉಣ್ಣಿ."

ಅವರು ಎಡಗೈಯನ್ನು ಮಡಿಲಲ್ಲೇ ಇಟ್ಟುಕೊಂಡರು.

"ನೀನು ಇದ್ದೀಯಲ್ಲ" ಎಂದರು.

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗಿನಿಂದ ತಟ್ಟೆಯ ಸದ್ದು ಕೇಳಿಸಿತೋ, ಕೇಳಿಸಲಿ ಎಂದು ನಾನು ಕಾದದ್ದಕ್ಕೆ ಹಾಗನ್ನಿಸಿತೋ… ತಟ್ಟೆ ನೋಡಲು ಒಳಗೆ ಹೋಗಲಿಲ್ಲ. ಸೊಸೆಗೆ, ಅವರೇ ಕರೆಯುವವರೆಗೆ ಬಾಗಿಲು ತೆಗೆಯಬೇಡ ಮಾರಾಯ್ತಿ ಎಂದು ಹೇಳಿ ಬಸ್ಸು ಹತ್ತಿದೆ. ಅವರು ಉಂಡರೋ ಇಲ್ಲವೋ ಎಂದು ಕೇಳಿ ತಿಳಿಯುವ ಮೊದಲೇ ಸುದ್ದಿ ಬಂತು.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮಾವನಿಗೆ ಒಂದು, ಅತ್ತೆಗೆ ಒಂದು, ಹೀಗೆ ಮನೆಯವರಿಗೆ ಮಾತ್ರ. ನೆರೆಮನೆಯವರಿಗೆ ಹಾಕುವ ಕ್ರಮವಿಲ್ಲ. ಕಳೆದ ವರ್ಷ ಮಾರ್ಕೆಟಿನಿಂದ ಬಾಳೆಲೆ ತಂದು ತೊಳೆಯುತ್ತಿದ್ದಾಗ ಗಂಡ, ಒಂದು ಹೆಚ್ಚಿಗೆ ಇದೆಯಲ್ಲ ಎಂದರು. ಹರಿದರೆ ಬೇಕಲ್ಲ ಎಂದೆ. ಯಾವುದೂ ಹರಿಯಲಿಲ್ಲ. ಬಡಿಸಿ ಮುಗಿಯುವವರೆಗೂ ಅದು ಅಡುಗೆಮನೆಯ ಕಟ್ಟೆಯ ಮೇಲೆ ಮಡಚಿಯೇ ಇತ್ತು.

ಈ ವರ್ಷದ ಆಟಿಗೆ ಇನ್ನು ಹೆಚ್ಚು ದಿನವಿಲ್ಲ. ಎಲೆ ತಂದೇ ತರುತ್ತೇನೆ. ಹಾಕುವ ಧೈರ್ಯ ಬರುತ್ತದೋ ಗೊತ್ತಿಲ್ಲ.