ಪಾಪಾಸುಕಳ್ಳಿಗೆ ಸೋಲಾಪುರದ ಚಾದರ

ಕಳ್ಳಿಗಳು ಸಾಯಬಹುದಿತ್ತು. ಅವು ಸತ್ತದ್ದನ್ನು ಕಂಡು ಮನೆಯೊಡತಿ ನಮ್ಮನ್ನು ಮನೆ ಬಿಡಿಸಬಹುದಿತ್ತು. ಮನೆ ಹೋದರೆ ವಿಳಾಸವೂ ಹೋಯಿತು. ವಿಳಾಸವಿಲ್ಲದವನ ವೀಸಾ ಏನಾಗುತ್ತದೆ ಎಂದು ಆಫೀಸಿನಲ್ಲಿ ಕೇಳೋಣವೆಂದರೆ, ಕೇಳಿದ್ದಕ್ಕೇ ಅವರಿಗೆ ಅನುಮಾನ ಬರಬಹುದಿತ್ತು. ಕೊನೆಗೆ ಸೂಟ್‌ಕೇಸುಗಳ ಸಮೇತ ಮೈಸೂರು ಸ್ಟೇಷನ್ನಿನಲ್ಲಿ ಇಳಿದು, "ಯಾಕಪ್ಪಾ ವಾಪಸ್ ಬಂದ್ಬಿಟ್ಟೆ?" ಎನ್ನುವ ಭಾವನಿಗೆ "ಜರ್ಮನಿಯಲ್ಲಿ ಒಂದು ಕಳ್ಳಿ ಸತ್ತುಹೋಯ್ತು" ಎಂದು ಹೇಳಬೇಕಾಗಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಆದದ್ದು ಒಂದೇ, ಅದೂ ಅಂಗೈಯಗಲದ್ದು.

ನಾವಿರುವುದು ಜರ್ಮನಿಯ ಸೇಂಟ್ ಲಿಯೋನ್-ರೋಟ್ ಎಂಬ ಊರಿನಲ್ಲಿ, ಫ್ರೌ ಕ್ರೆಮರ್, ಅಂದರೆ ಶ್ರೀಮತಿ ಕ್ರೆಮರ್, ಅವರ ಮನೆಯ ಮಹಡಿಯ ಮೇಲೆ. ಇದು ಸಿಗುವ ಮುಂಚೆ ಎಷ್ಟೋ ಮಾಲೀಕರು ಫೋನಿನಲ್ಲಿ ನನ್ನ ಹೆಸರು ಕೇಳುತ್ತಲೇ "ಮನೆ ಆಗಲೇ ಹೋಯ್ತು" ಎಂದಿದ್ದರು. (ಹೆಸರು ಪೂರ್ತಿ ಹೇಳಲೂ ಬಿಡಲಿಲ್ಲ.) ಈಕೆ ಮಾತ್ರ "ಒಂದು ವರ್ಷ ಇರಿ, ಆಮೇಲೆ ನೋಡೋಣ" ಎಂದರು. ಮಗಳಿಗೆ ಶಾಲೆ ಹಿಡಿಸಿತು, ಎದುರು ಬೀದಿಯಲ್ಲಿ ಗೆಳತಿಯೂ ಸಿಕ್ಕಳು. ವರ್ಷ ಮುಗಿಯುವುದು ಏಪ್ರಿಲ್‌ಗೆ. ಆಮೇಲೆ ಏನು? ನೋಡೋಣ ಎಂದರೆ ಏನನ್ನು ನೋಡುತ್ತಾರೆ?

ಹೀಗಿರುವಾಗ ಫ್ರೌ ಕ್ರೆಮರ್ ಚಳಿಗಾಲ ಕಳೆಯಲು ಸ್ಪೇನ್‌ನಲ್ಲಿರುವ ಮಗಳ ಮನೆಗೆ ಹೊರಟರು. ಹಿತ್ತಲಲ್ಲಿ ಕಲ್ಲು ಜೋಡಿಸಿ ಬೆಳೆಸಿದ ಕಳ್ಳಿಗಳಿದ್ದವು, ಮೇಲೊಂದು ಗಾಜಿನ ಮಾಡು. ಅವನ್ನು ತೋರಿಸಿ ಹೇಳಿದರು: "ಇವು ಚಳಿ ತಡೆಯುತ್ತವೆ, ಒದ್ದೆ ತಡೆಯುವುದಿಲ್ಲ. ಗಾಜು ಹಾರಿಹೋಗದಂತೆ ನೋಡಿಕೊಳ್ಳಿ, ಸಾಕು. ಬೇರೇನೂ ಮಾಡಬೇಡಿ. ಗಾರ್ ನಿಕ್ಸ್!"

ಗಾರ್ ನಿಕ್ಸ್ ಎಂದರೆ ಏನೇನೂ ಇಲ್ಲ. ನೀವೇ ಹೇಳಿ, ನಮ್ಮಂಥವರಿಗೆ ಕೊಡುವ ಕೆಲಸವೇ ಇದು? ಯಾರಿಗಾದರೂ ನೆಗಡಿಯಾದರೆ ನಾವು ಕಷಾಯ ಕೊಡುತ್ತೇವೆ, ಹಬೆ ಹಿಡಿಸುತ್ತೇವೆ, ಅದೂ ಸಾಲದೆಂದು ನಮಗೆ ಗೊತ್ತಿರುವ ಡಾಕ್ಟರ ನಂಬರ್ ಕೊಡುತ್ತೇವೆ. ಸುಮ್ಮನಿರುವುದನ್ನು ನಮಗೆ ಯಾರು ಕಲಿಸಿದರು?

ಡಿಸೆಂಬರಿನಲ್ಲಿ ಹಿಮ ಬಿತ್ತು. ಹೋಗಿ ನೋಡಿದರೆ, ದುಂಡಗೆ ನೆಟ್ಟಗೆ ನಿಂತಿದ್ದ ಪಾಪಾಸುಕಳ್ಳಿ ಹಪ್ಪಳದಂತೆ ಸುಕ್ಕುಗಟ್ಟಿ ನೆಲಕ್ಕೆ ಮಲಗಿಬಿಟ್ಟಿದೆ! ನನ್ನ ಕಣ್ಣಿಗೆ ಕಂಡದ್ದು ಕಳ್ಳಿಯಲ್ಲ, ಏಪ್ರಿಲ್. ಒಳಗೋಡಿ ಬೀರುವಿನಿಂದ ಸೋಲಾಪುರದ ಚಾದರ ಎಳೆದುಕೊಂಡೆ.

ನನ್ನ ಹೆಂಡತಿ ಧಾರವಾಡದವಳು. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದವಳು ಕೂಗಿದಳು:

"ಏನ್ ಮಾಡಾಕತ್ತೀರಿ ಅಲ್ಲೆ?"

"ಹೊದಿಸ್ತಾ ಇದೀನಿ. ನಡುಗ್ತಾ ಇದೆ ಕಣೆ."

"ನಡಗಾಕತ್ತಿದ್ದು ನೀವು! ನಮ್ಮ ಕಡೆ ಹೊಲದ ಬೇಲಿಗೆ ಹಚ್ಚತಾರ್ರೀ ಅದನ್ನ. ದನಾನೂ ಮೂಸಂಗಿಲ್ಲ. ಅದಕ್ಕ ನಮ್ಮವ್ವ ಕೊಟ್ಟ ಚಾದರ ಹೊಚ್ಚೀರಲ್ಲ, ಜೋಗುಳಾನೂ ಹಾಡಿ ಬರ್ರಿ!"

ಎಂಟು ವರ್ಷದ ಮಗಳು ಗೆಳತಿಯ ಜೊತೆ ಬಂದವಳು ಗೇಟಿನಲ್ಲೇ ನಿಂತಳು. "ಅಪ್ಪಾ, ಪೈನ್‌ಲಿಶ್!" ಎಂದಳು. ಮಾನ ಹೋಯಿತು ಎನ್ನಲು ಇಲ್ಲಿಯ ಮಕ್ಕಳಿಗೆ ಆ ಒಂದು ಪದ ಸಾಕು.

ಬೆಳಿಗ್ಗೆ ಎದ್ದರೆ ಹೊಸ ಚಿಂತೆ. ಗಾಳಿಗೆ ಪಕ್ಕದಿಂದ ನುಗ್ಗಿದ ಹಿಮ ಚಾದರಕ್ಕೆ ಇಳಿದು, ಚಾದರ ಒದ್ದೆಯಾಗಿ, ಆ ಒದ್ದೆ ಕಳ್ಳಿಗೆ ತಗಲಿದರೆ? ಒದ್ದೆ ತಡೆಯುವುದಿಲ್ಲ ಎಂದಿದ್ದರಲ್ಲವೆ? ಹೋಗಿ ಮುಟ್ಟಿದೆ. ಚಾದರ ಮರದ ಹಲಗೆಯಂತೆ ಸೆಟೆದಿತ್ತು. ನೂಲಿನ ಎಳೆಎಳೆಗೂ ಮುಳ್ಳು. ಮೆಲ್ಲಗೆ ಬಿಡಿಸಿದೆ, ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ.

ಟಕ್.

ಚಾದರ ಬಂತು. ಅದರ ಜೊತೆಗೆ ಕಳ್ಳಿಯ ಒಂದು ಎಲೆಯೂ ಬಂತು. (ಅದು ಎಲೆಯಲ್ಲ, ಕಾಂಡವಂತೆ. ಮುರಿದ ಮೇಲೆ ತಿಳಿದುಕೊಂಡೆ.) ಅದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ನೆಲಮಾಳಿಗೆಯಲ್ಲಿ ಇಟ್ಟೆ. ಉಳಿದ ಚಳಿಗಾಲವೆಲ್ಲ ಕ್ಷಮಾಪಣೆಯನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿದೆ.

ಮಾರ್ಚ್ ಕೊನೆಗೆ ಫ್ರೌ ಕ್ರೆಮರ್ ಬಂದರು. ಟ್ಯಾಕ್ಸಿಯಿಂದ ಇಳಿದವರು ನೆಟ್ಟಗೆ ಹಿತ್ತಲಿಗೇ ನಡೆದರು. ನಾನು ಹಿಂದಿಂದೆ, ಪೊಟ್ಟಣ ಹಿಡಿದುಕೊಂಡು. ಪಾಪಾಸುಕಳ್ಳಿ ಇನ್ನೂ ಮಲಗೇ ಇತ್ತು. ಬಾಯಿಪಾಠವೆಲ್ಲ ಮರೆತುಹೋಗಿ, "ಸತ್ತಿದೆ. ನಾನೇ. ಸಾರಿ" ಎಂದೆ.

ಆಕೆ ಬಗ್ಗಿ ಅದನ್ನು ಬೆರಳಿನಿಂದ ಒತ್ತಿ ನೋಡಿದರು. "ಸತ್ತಿಲ್ಲ, ಮಲಗಿದೆ. ಪ್ರತಿ ವರ್ಷವೂ ಹೀಗೇ. ಮೈತುಂಬ ನೀರಿದ್ದರೆ ಹೆಪ್ಪುಗಟ್ಟಿ ಒಡೆದುಹೋಗುತ್ತದೆ. ಅದಕ್ಕೇ ಚಳಿ ಬರುವ ಮೊದಲೇ ನೀರು ಕಳೆದುಕೊಂಡು ಸೊರಗುತ್ತದೆ. ಬಿಸಿಲು ಬರಲಿ, ಎದ್ದು ನಿಲ್ಲುತ್ತದೆ."

ಅಂದರೆ ನಾನು ಸಾವು ಎಂದುಕೊಂಡದ್ದೇ ಅದರ ಬದುಕುವ ಉಪಾಯ!

ಆಮೇಲೆ ಪೊಟ್ಟಣ ಬಿಚ್ಚಿದರು. ಮುರಿದ ತುಂಡನ್ನು ತಿರುಗಿಸಿ ನೋಡಿದರು. ಅದಕ್ಕೆ ಚಾದರದ ನೀಲಿ ನೂಲಿನ ಎಳೆಗಳು ಅಂಟಿಕೊಂಡೇ ಇದ್ದವು. ನನ್ನ ಮುಖ ನೋಡಿದರು. ಒಂದು ಕುಂಡ ತಂದು, ಮರಳುಮಣ್ಣು ತುಂಬಿ, ತುಂಡನ್ನು ಊರಿ ನನ್ನ ಕೈಗಿಟ್ಟರು.

"ಇದು ನಿಮ್ಮದು. ಇಲ್ಲಿಯ ಮಣ್ಣಿಗೆ ಹೊಂದಿಕೊಳ್ಳಲು ಇನ್ನೂ ಒಂದೆರಡು ವರ್ಷ ಬೇಕು. ಅಲ್ಲಿಯವರೆಗಂತೂ ಇರುತ್ತೀರಲ್ಲ?"

ನಾನು ಕುಂಡ ಹಿಡಿದು ಮೆಟ್ಟಿಲು ಹತ್ತಿದೆ. ಹೆಂಡತಿ ಬಾಗಿಲಲ್ಲೇ ಇದ್ದಳು. ಮನೆ ಉಳಿಯಿತು ಎಂದೆ. ಕಣ್ಣೊರೆಸಿಕೊಂಡಳು; ಆಮೇಲೆ ಕುಂಡ ನೋಡಿ, "ಇನ್ನ ಇದೊಂದು ಹಚ್ಚಿಕೊಂಡ್ರಿ?" ಎಂದು ಹಣೆ ಚಚ್ಚಿಕೊಂಡಳು.

ಇದಾಗಿ ಎರಡು ವಾರವಾಯಿತು. ಬರುವ ಚಳಿಗಾಲಕ್ಕೆ ನಾವೆಲ್ಲ ರಜೆಗೆ ಮೈಸೂರಿಗೆ ಹೊರಟಿದ್ದೇವೆ, ಆಕೆ ಮತ್ತೆ ಸ್ಪೇನ್‌ಗೆ. ಈ ಅಂಗೈಯಗಲದ ಕೂಸನ್ನು ನಾನು ಯಾರನ್ನು ನಂಬಿ ಬಿಟ್ಟುಹೋಗಲಿ?